ಹೋಟೆಲಿನ ಮೂಲೆಯ ಪಿಯಾನೊ



ಸ್ವೀಡನ್ ದೇಶದ ಸ್ಟಾಕ್‌ಹೋಮ್ ನಗರ. 1970ರ ದಶಕದ ಒಂದು ಚಳಿಗಾಲದ ಸಂಜೆ ಅಂತ ಇಟ್ಟುಕೊಳ್ಳಿ. ಅಲ್ಲಿ ಡಿಸೆಂಬರಿನಲ್ಲಿ ಮಧ್ಯಾಹ್ನ ಮೂರು ಗಂಟೆಗೆಲ್ಲ ಹೊತ್ತು ಮುಳುಗಿರುತ್ತದೆ. ಹೊರಗೆ ಹಿಮ. ಒಳಗೆ ದೊಡ್ಡದೊಂದು ಹೋಟೆಲಿನಲ್ಲಿ ಜನ ಊಟಕ್ಕೆ ಕೂತಿದ್ದಾರೆ. ತಟ್ಟೆ ಚಮಚಗಳ ಸದ್ದು, ಮೆಲುಮಾತು, ನಡುನಡುವೆ ನಗು. ಮೂಲೆಯಲ್ಲೊಂದು ಪಿಯಾನೊ. ಅದರ ಮುಂದೆ ಆರಡಿ ಮೀರಿದ ಎತ್ತರದ, ಕಪ್ಪು ಮೈಬಣ್ಣದ, ಐವತ್ತು ದಾಟಿದ ಒಬ್ಬರು ಕೂತು ನುಡಿಸುತ್ತಿದ್ದಾರೆ. ಮಾತಿಗೆ ಅಡ್ಡಿಯಾಗದಷ್ಟು ಮೆಲ್ಲಗೆ. ಊಟಕ್ಕೆ ಬಂದವರ ಬೆನ್ನು ಅವರ ಕಡೆಗಿದೆ.

ಹದಿನೈದಿಪ್ಪತ್ತು ವರ್ಷ ಹಿಂದೆ ಕ್ಯೂಬಾದ ಹವಾನಾದಲ್ಲಿ ಇದೇ ಮನುಷ್ಯ ಬರೆದುಕೊಟ್ಟ ಸ್ವರಪತ್ರವನ್ನು ಎದುರಿಗಿಟ್ಟುಕೊಂಡು ಆ ದ್ವೀಪದ ಅತ್ಯುತ್ತಮ ವಾದಕರು ನುಡಿಸುತ್ತಿದ್ದರು. ಅದಕ್ಕೆ ಸಾವಿರಾರು ಜನ ಕುಣಿಯುತ್ತಿದ್ದರು. ಅವರ ಹೆಸರು ಬೆಬೊ ವಾಲ್ದೇಸ್. ಕ್ಯೂಬಾದ ಪಿಯಾನೊ ವಾದಕ, ಸಂಯೋಜಕ, ವಾದ್ಯವೃಂದದ ನಾಯಕ. ಇವತ್ತಿನ ನನ್ನ ಮಾತು ಅವರನ್ನು ಕುರಿತು.

ಬೆಬೊ ಹುಟ್ಟಿದ್ದು 1918ರ ಅಕ್ಟೋಬರ್ 9ರಂದು, ಹವಾನಾಕ್ಕೆ ದಕ್ಷಿಣದಲ್ಲಿರುವ ಕಿವಿಕಾನ್ ಎಂಬ ಊರಿನಲ್ಲಿ. ಸಂಗೀತಗಾರನೊಬ್ಬನ ಹುಟ್ಟೂರಿನ ಹೆಸರಿನಲ್ಲೇ ನಮ್ಮ ಕನ್ನಡದ ‘ಕಿವಿ’ ಇದೆಯಲ್ಲ ಅಂತ ನನಗೆ ಪ್ರತಿ ಸಲವೂ ಸಂತೋಷವಾಗುತ್ತದೆ. ಹವಾನಾದ ಸಂಗೀತ ವಿದ್ಯಾಲಯದಲ್ಲಿ ಯುರೋಪಿನ ಶಾಸ್ತ್ರೀಯ ಪಿಯಾನೊ ಕಲಿತರು. ಕಿವಿ ಮಾತ್ರ ಬೀದಿಯಲ್ಲೂ ಇತ್ತು, ರೇಡಿಯೊದಲ್ಲೂ ಇತ್ತು. ಬೀದಿಯಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮೊಮ್ಮಕ್ಕಳ ಡೋಲುಗಳು. ರೇಡಿಯೊದಲ್ಲಿ ಸಮುದ್ರದಾಚೆಯ ಅಮೆರಿಕದ ಜಾಸ್. 1940ರ ದಶಕದಲ್ಲಿ ಹವಾನಾದ ನೃತ್ಯ ತಂಡಗಳಲ್ಲಿ ನುಡಿಸಿದರು. ಒಂದಿಷ್ಟು ಕಾಲ ಹೈಟಿಗೆ ಹೋಗಿಬಂದರು. 1948ರಲ್ಲಿ ಟ್ರೋಪಿಕಾನಾ ಸೇರಿದರು.

ಟ್ರೋಪಿಕಾನಾ ಅಂದರೆ ಹವಾನಾದ ಹೊರವಲಯದ ಒಂದು ತೋಟದಲ್ಲಿ, ಮರಗಳ ನಡುವೆ, ತೆರೆದ ಆಕಾಶದ ಕೆಳಗೆ ನಡೆಯುತ್ತಿದ್ದ ರಾತ್ರಿ ಕ್ಲಬ್ಬು. ಕುಣಿತ, ಕುಡಿತ, ಜೂಜು, ಅಮೆರಿಕದಿಂದ ವಿಮಾನ ಹತ್ತಿ ಬರುವ ಹಣವಂತರು. ಇವೆಲ್ಲದರ ನಡುವೆ ಬಹಳ ಎತ್ತರದ ಸಂಗೀತವೂ ಅಲ್ಲಿತ್ತು. ಅರ್ಮಾಂದೊ ರೊಮೇವು ನಡೆಸುತ್ತಿದ್ದ ಅಲ್ಲಿನ ವಾದ್ಯವೃಂದದಲ್ಲಿ ಬೆಬೊ ಸುಮಾರು ಒಂಬತ್ತು ವರ್ಷ ಪಿಯಾನೊ ನುಡಿಸಿದರು. ಅದರ ಅರೇಂಜರ್ ಕೂಡ ಅವರೇ. ಈ ಮಾತು ನಮ್ಮ ಸಿನಿಮಾ ಸಂಗೀತದವರಿಗೂ ಪರಿಚಿತ. ಒಂದು ಹಾಡು ಕೈಗೆ ಬಂದರೆ ಕಹಳೆಗಳು ಎಲ್ಲಿ ಏಳಬೇಕು, ಸ್ಯಾಕ್ಸೊಫೋನ್‌ಗಳು ಎಲ್ಲಿ ಉತ್ತರ ಕೊಡಬೇಕು, ಎಲ್ಲರೂ ಎಲ್ಲಿ ಸುಮ್ಮನಿರಬೇಕು ಎಂದು ಪ್ರತಿ ವಾದ್ಯಕ್ಕೂ ಬೇರೆಬೇರೆಯಾಗಿ ಬರೆದುಕೊಡುವ ಕೆಲಸ. ಕುಣಿಯುವವರು ಹಾಡುವವಳ ಹೆಸರು ಹೇಳುತ್ತಾರೆ, ಬರೆದವನ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ.

ಬೆಬೊ ಅವರ ಜೀವನದುದ್ದಕ್ಕೂ ನನಗೆ ಕಾಣುವುದು ಇದೇ. ನಮ್ಮ ಕಛೇರಿಗಳಲ್ಲಿ ಪಕ್ಕವಾದ್ಯದವರನ್ನು ನೋಡಿ. ಹಾಡುವವರ ಉಸಿರು ಎಲ್ಲಿ ನಿಲ್ಲುತ್ತದೆಂದು ಅವರಿಗೆ ಹಾಡುವವರಿಗಿಂತ ಮೊದಲೇ ಗೊತ್ತಿರುತ್ತದೆ. ಒಳ್ಳೆಯ ಪಕ್ಕವಾದ್ಯ ಇದ್ದರೆ ಹಾಡು ತಾನಾಗಿ ಎದ್ದು ನಿಲ್ಲುತ್ತದೆ, ಇಲ್ಲದಿದ್ದರೆ ಎಂಥ ಗಾಯಕರೂ ಒದ್ದಾಡುತ್ತಾರೆ. ಬೆಬೊ ವೃಂದದ ನಾಯಕರಾಗಿ ನಿಂತಾಗಲೂ ಒಳಗೊಳಗೆ ಪಕ್ಕವಾದ್ಯದವರೇ. ಟ್ರೋಪಿಕಾನಾದಲ್ಲಿ ಅವರು ಕ್ಯೂಬಾದ ಮಹಾನ್ ಗಾಯಕಿ ರೀತಾ ಮೊಂತಾನೆರ್ ಅವರಿಗೆ ನುಡಿಸಿದರು. 1958ರಲ್ಲಿ ಅಮೆರಿಕದ ನ್ಯಾಟ್ ಕಿಂಗ್ ಕೋಲ್ ಸ್ಪ್ಯಾನಿಷ್ ಹಾಡುಗಳ ಧ್ವನಿಮುದ್ರಿಕೆ ಮಾಡಲು ಹವಾನಾಕ್ಕೆ ಬಂದಾಗ ಅಲ್ಲೂ ಬೆಬೊ ಇದ್ದರು. ಕೋಲ್ ಸ್ವತಃ ಜಗತ್ತಿನ ಒಳ್ಳೆಯ ಜಾಸ್ ಪಿಯಾನೊ ವಾದಕರಲ್ಲಿ ಒಬ್ಬರು ಎಂಬುದನ್ನು ನೆನಪಿಡಿ.

ಇನ್ನೊಂದು ಸಂಗತಿ. 1952ರಲ್ಲಿ ಅಮೆರಿಕದ ಧ್ವನಿಮುದ್ರಣ ನಿರ್ಮಾಪಕ ನಾರ್ಮನ್ ಗ್ರಾಂಜ್‌ಗೆ ಹವಾನಾದ ವಾದಕರಿಂದ ಒಂದು ಜಾಸ್ ಮುದ್ರಣ ಬೇಕಾಗಿತ್ತು. ಬೆಬೊ ಗೆಳೆಯರನ್ನು ಸೇರಿಸಿದರು. ಪೂರ್ತಿ ಬರೆದಿಟ್ಟ ಸ್ವರಪತ್ರವಿಲ್ಲದೆ, ತಾಳ ಹಿಡಿದು, ಒಬ್ಬರಾದ ಮೇಲೊಬ್ಬರು ಮನಸ್ಸಿಗೆ ಬಂದಂತೆ ನುಡಿಸುತ್ತ ಹೋದರು. ಕ್ಯೂಬಾದವರು ಇಂಥ ಕೂಟಕ್ಕೆ ದೆಸ್ಕಾರ್ಗಾ ಎನ್ನುತ್ತಾರೆ, ಎದೆಯಲ್ಲಿರುವುದನ್ನೆಲ್ಲ ಇಳಿಸಿಬಿಡುವುದು ಅಂತ ಅರ್ಥ. ‘ಕೊನ್ ಪೊಕೊ ಕೊಕೊ’ ಎಂಬ ಆ ಮುದ್ರಣವನ್ನು ಕ್ಯೂಬಾದ ಮೊದಲ ದೆಸ್ಕಾರ್ಗಾ ಧ್ವನಿಮುದ್ರಿಕೆ ಎಂದು ಎಣಿಸುತ್ತಾರೆ. ಆದರೆ ಅದು ಹೊರಬಂದದ್ದು ‘ಆಂಡ್ರೇಸ್ ಆಲ್ ಸ್ಟಾರ್ಸ್’ ಎಂಬ ಬೇರೊಬ್ಬರ ಹೆಸರಿನಲ್ಲಿ.

ಅದೇ 1952ರ ಇನ್ನೊಂದು ಪ್ರಯತ್ನದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಅದಕ್ಕೆ ಮೊದಲು ನೀವು ಕೂತಲ್ಲೇ ಒಂದು ಸಣ್ಣ ಕೆಲಸ ಮಾಡಿ. ಒಂದರಿಂದ ಹದಿನಾರರವರೆಗೆ ಒಂದೇ ನಡೆಯಲ್ಲಿ ಎಣಿಸುತ್ತ ಹೋಗಿ. ಒಂದು, ನಾಲ್ಕು, ಏಳು, ಹನ್ನೊಂದು, ಹದಿಮೂರು ಬಂದಾಗ ಮಾತ್ರ ಚಪ್ಪಾಳೆ ತಟ್ಟಿ. ಹದಿನಾರು ಮುಗಿದ ಕೂಡಲೇ ಮತ್ತೆ ಒಂದು. ಮೊದಲರ್ಧದಲ್ಲಿ ಮೂರು ಪೆಟ್ಟು, ಉಳಿದರ್ಧದಲ್ಲಿ ಎರಡು. ನಾಲ್ಕೈದು ಆವರ್ತನ ಆಗುವಷ್ಟರಲ್ಲಿ ಕಾಲು ತಾನಾಗಿ ಅಲುಗಾಡುತ್ತದೆ. ಇದಕ್ಕೆ ಕ್ಲಾವೆ ಎನ್ನುತ್ತಾರೆ. ಎರಡು ಗಟ್ಟಿ ಮರದ ಕೋಲುಗಳನ್ನು ಒಂದಕ್ಕೊಂದು ತಾಗಿಸಿ ಇದನ್ನು ನುಡಿಸುತ್ತಾರೆ. ಕ್ಯೂಬಾದ ನೃತ್ಯ ಸಂಗೀತ ಬಹುಮಟ್ಟಿಗೆ ಈ ಐದು ಪೆಟ್ಟುಗಳ ಗೂಟಕ್ಕೆ ಕಟ್ಟಿಕೊಂಡೇ ಸುತ್ತುತ್ತದೆ. ಕೋಲಿನ ಸದ್ದು ಕೇಳದಿದ್ದರೂ ವಾದಕರ ಮೈಯಲ್ಲಿ ಅದು ನಡೆಯುತ್ತಲೇ ಇರುತ್ತದೆ. ಪಿಯಾನೊ ವಾದಕ ಒಂದು ಚಿಕ್ಕ ಸ್ವರಗುಚ್ಛವನ್ನು ಅದರ ಮೇಲೆ ಮತ್ತೆ ಮತ್ತೆ ಹೆಣೆಯುತ್ತಾನೆ. ಕ್ಲಾವೆ ತಪ್ಪಿದ ಎಂದರೆ ಅಲ್ಲಿ ಮಾನ ಹೋದಂತೆ.

ಆ ಕಾಲದಲ್ಲಿ ಕ್ಯೂಬಾದ ನೃತ್ಯ ತಂಡಗಳಲ್ಲಿ ಬೊಂಗೊ, ಕೊಂಗಾ ಡೋಲುಗಳು ಬಂದಾಗಿತ್ತು. ಆದರೆ ಬಾತಾ ಡೋಲು ಬೇರೆ. ಪಶ್ಚಿಮ ಆಫ್ರಿಕಾದ ಯೊರುಬಾ ಜನ ತಮ್ಮ ದೇವತೆಗಳನ್ನು ಕರೆಯಲು ನುಡಿಸುವ ಡೋಲು ಅದು. ದೊಡ್ಡದು, ನಡುವಿನದು, ಚಿಕ್ಕದು ಎಂದು ಮೂರರ ಕುಟುಂಬ. ಎರಡು ಕಡೆಯೂ ಚರ್ಮ, ನಡು ಸಣ್ಣಗೆ. ನಮ್ಮ ಮೃದಂಗದಂತೆ ಅಡ್ಡ ಮಲಗಿಸಿ, ತೊಡೆಯ ಮೇಲಿಟ್ಟು ಎರಡೂ ಕೈಯಿಂದ ನುಡಿಸುತ್ತಾರೆ. ಮೂರೂ ಸೇರಿದರೆ ಒಂದು ಮಾತನಾಡುತ್ತದೆ, ಒಂದು ಉತ್ತರಿಸುತ್ತದೆ, ಒಂದು ಲಯ ಕಾಯುತ್ತದೆ. ಬಹುಕಾಲ ಅದು ಪೂಜೆಯ ಮನೆ ಬಿಟ್ಟು ಹೊರಬಂದಿರಲಿಲ್ಲ. ಬೆಬೊ ಬಾತಾ ಡೋಲನ್ನು ತಂದು ಕಹಳೆ, ಸ್ಯಾಕ್ಸೊಫೋನ್, ಪಿಯಾನೊ ಇರುವ ದೊಡ್ಡ ನೃತ್ಯವೃಂದದ ನಡುವೆ ಕೂರಿಸಿದರು. ಅದಕ್ಕೆ ಬಾತಾಂಗಾ ಎಂದು ಹೆಸರಿಟ್ಟರು. 1952ರ ಜೂನ್‌ನಲ್ಲಿ ಹವಾನಾದ ಒಂದು ರೇಡಿಯೊ ಕೇಂದ್ರದಿಂದಲೇ ಈ ಹೊಸ ಲಯ ಊರಿಗೆ ತಲುಪಿತು. ಬಾನುಲಿಯಲ್ಲಿ ಕೂತು ಮಾತನಾಡುವ ನನಗೆ ಈ ವಿವರ ಹೆಚ್ಚು ಇಷ್ಟ. ಹಾಡಿದವರು ಬೆನ್ನಿ ಮೊರೆ, ಕ್ಯೂಬಾ ಕಂಡ ಅತಿ ದೊಡ್ಡ ಕಂಠ.

ಬಾತಾಂಗಾ ನೆಲೆ ನಿಲ್ಲಲಿಲ್ಲ. ಊರೆಲ್ಲ ಪೆರೆಸ್ ಪ್ರಾದೊ ಅವರ ಮಾಂಬೊ ಕುಣಿತದ ಗುಂಗಿನಲ್ಲಿತ್ತು, ಮರುವರ್ಷವೇ ಎನ್ರಿಕೆ ಹೊರಿನ್ ಅವರ ಚಾ-ಚಾ-ಚಾ ಧ್ವನಿಮುದ್ರಿಕೆಯಾಗಿ ಬಂದು ಎಲ್ಲರ ಕಾಲನ್ನೂ ಎಳೆದುಕೊಂಡಿತು. ಚಾ-ಚಾ-ಚಾ ಯಾರು ಬೇಕಾದರೂ ಕುಣಿಯಬಹುದಾದ ಸರಳ ಹೆಜ್ಜೆ. ಬಾತಾಂಗಾದ ಲಯ ಅಷ್ಟು ಸುಲಭದ್ದಲ್ಲ. ಬೆಬೊ ಅದನ್ನು ಬಿಟ್ಟು ಮುಂದಿನ ಕೆಲಸಕ್ಕೆ ಹೋದರು. ಆದರೆ ಆ ಡೋಲು ಸುಮ್ಮನಾಗಲಿಲ್ಲ, ಮತ್ತೆ ಬರುತ್ತದೆ.

ಬೆಬೊ ಅವರ ಹೆಂಡತಿ ಪಿಲಾರ್ ರೊದ್ರಿಗೆಸ್, ಅವರೂ ಹಾಡುತ್ತಿದ್ದರು. ಮಗ 1941ರಲ್ಲಿ ಹುಟ್ಟಿದ, ಅದೂ ಅಪ್ಪ ಹುಟ್ಟಿದ ಅಕ್ಟೋಬರ್ 9ರಂದೇ. ಹೆಸರು ಹೆಸೂಸ್ ದಿಯೊನಿಸಿಯೊ, ಮನೆಯಲ್ಲಿ ಕರೆಯುವುದು ಚೂಚೊ. ಮೂರ್ನಾಲ್ಕು ವರ್ಷಕ್ಕೇ ಪಿಯಾನೊ ಮೇಲೆ ಕೈಯಾಡಿಸತೊಡಗಿದ. 1950ರ ದಶಕದ ಕೊನೆಗೆ ಬೆಬೊ ‘ಸಬೋರ್ ದೆ ಕೂಬಾ’ ಎಂಬ ತಮ್ಮದೇ ವಾದ್ಯವೃಂದ ಕಟ್ಟಿದರು, ಕ್ಯೂಬಾದ ರುಚಿ ಎಂದು ಅದರರ್ಥ. ಹದಿಹರೆಯದ ಚೂಚೊ ಅದರಲ್ಲಿ ಪಿಯಾನೊಗೆ ಕೂತ. ಅಪ್ಪನ ಬೆರಳು ಮಗನ ಬೆರಳಿಗೆ ದಾಟುತ್ತಿದ್ದ ಹೊತ್ತು ಅದು.

1959ರ ಜನವರಿ 1ರಂದು ಕ್ಯೂಬಾವನ್ನು ಆಳುತ್ತಿದ್ದ ಬತಿಸ್ತಾ ದೇಶ ಬಿಟ್ಟು ಓಡಿಹೋದ, ಫಿಡೆಲ್ ಕಾಸ್ಟ್ರೊ ಅವರ ಕ್ರಾಂತಿ ಗೆದ್ದಿತು. ಬೆಬೊ ಅವರಿಗೆ ಹೊಸ ಆಡಳಿತ ಒಗ್ಗಲಿಲ್ಲ. 1960ರ ಅಕ್ಟೋಬರ್ 26ರಂದು ಗಾಯಕ ರೊಲಾಂದೊ ಲಾಸೆರಿಯೆ ಜೊತೆ ಮೆಕ್ಸಿಕೊಗೆ ಹೊರಟರು. ಲೆಕ್ಕ ಹಾಕಿ ನೋಡಿದರೆ ಅಪ್ಪ-ಮಗನ ಹುಟ್ಟುಹಬ್ಬ ಕಳೆದು ಹದಿನೇಳು ದಿನ. ಅಪ್ಪನಿಗೆ 42, ಮಗನಿಗೆ 19. ಹೆಂಡತಿ, ಮಕ್ಕಳು ಹವಾನಾದಲ್ಲೇ ಉಳಿದರು. ಬೆಬೊ ಮತ್ತೆಂದೂ ಕ್ಯೂಬಾದ ನೆಲ ಮೆಟ್ಟಲಿಲ್ಲ.

ಈ ಭಾಗವನ್ನು ನಾನು ಹಗುರವಾಗಿ ದಾಟಲಾರೆ. ಕಲಾವಿದರ ಕಥೆ ಹೇಳುವಾಗ ಅವರು ಬಿಟ್ಟುಬಂದ ಮನೆಯನ್ನು ಒಂದು ಸಾಲಿನಲ್ಲಿ ಮುಗಿಸಿಬಿಡುವ ರೂಢಿ ನಮ್ಮಲ್ಲಿದೆ. ಸರ್ವಾಧಿಕಾರದ ಕೆಳಗೆ ಬಾಳುವುದಿಲ್ಲ ಎಂದು ಹೊರಟವರ ನಿಲುವನ್ನು ನಾನು ಗೌರವಿಸುತ್ತೇನೆ. ಆದರೆ ಆ ನಿಲುವಿನ ಬೆಲೆಯನ್ನು ಅವರೊಬ್ಬರೇ ತೆರಲಿಲ್ಲ. ಹವಾನಾದಲ್ಲಿ ಸಂಸಾರ ನಡೆಸಿದ ಪಿಲಾರ್ ತೆತ್ತರು, ಮಕ್ಕಳು ತೆತ್ತರು. ಬೆಬೊ ಅವರ ಸಂಗೀತವನ್ನು ಎಷ್ಟು ಪ್ರೀತಿಸಿದರೂ ಇದನ್ನು ಮರೆತು ಪ್ರೀತಿಸಲು ನನಗಾಗುವುದಿಲ್ಲ.

ಮೆಕ್ಸಿಕೊದಿಂದ ಮುಂದೆ ಯುರೋಪಿಗೆ ಬಂದರು. ‘ಲೆಕುವೊನಾ ಕ್ಯೂಬನ್ ಬಾಯ್ಸ್’ ಎಂಬ ಹಳೆಯ ಹೆಸರಾಂತ ತಂಡದ ಜೊತೆ ಪ್ರವಾಸ ಮಾಡುತ್ತ 1963ರಲ್ಲಿ ಸ್ಟಾಕ್‌ಹೋಮ್ ತಲುಪಿದರು. ಅಲ್ಲಿ ರೋಸ್ ಮರಿ ಪೇರ್ಸನ್ ಎಂಬ ಸ್ವೀಡನ್ ಯುವತಿಯ ಪರಿಚಯ, ಪ್ರೀತಿ, ಮದುವೆ. ತಂಡ ಮುಂದಿನ ಊರಿಗೆ ಹೊರಟಿತು, ಬೆಬೊ ಅಲ್ಲೇ ನಿಂತರು.

ಆಮೇಲಿನದು ನಾನು ಮೊದಲಿಗೆ ಹೇಳಿದ ಹೋಟೆಲಿನ ಮೂಲೆ. ಹೆಚ್ಚುಕಡಿಮೆ ಮೂವತ್ತು ವರ್ಷ. ಹೆಂಡತಿ, ಇಬ್ಬರು ಗಂಡುಮಕ್ಕಳು, ಬಾಡಿಗೆ, ಸಂಬಳ. ಸಂಜೆ ಕೋಟು ಹಾಕಿಕೊಂಡು ಹೋಗುವುದು, ಕೇಳಿದ ಹಾಡು ನುಡಿಸುವುದು, ರಾತ್ರಿ ಮನೆಗೆ ಬರುವುದು. ಈ ಅವಧಿಯನ್ನು ಬರೆಯುವವರು ‘ಕಳೆದುಹೋದ ವರ್ಷಗಳು’ ಎಂದುಬಿಡುತ್ತಾರೆ. ನನಗದು ಒಪ್ಪಿಗೆಯಿಲ್ಲ. ಆ ಮೂವತ್ತು ವರ್ಷ ಕೈ ಎಂದೂ ಕೆಲಸ ಬಿಟ್ಟಿರಲಿಲ್ಲ. ಯಾರೂ ಕಿವಿಗೊಡದ ಕಡೆ, ಮಾತಿನ ಸಂದಿಯಲ್ಲಿ, ದನಿ ಏರಿಸದೆ ನುಡಿಸಿ ನುಡಿಸಿ ಅವರ ಪಿಯಾನೊದಲ್ಲಿದ್ದ ಬೇಡದ್ದೆಲ್ಲ ಉದುರಿಹೋಯಿತು. ಮುಂದೆ ಎಂಬತ್ತರ ವಯಸ್ಸಿನಲ್ಲಿ ಜಗತ್ತು ಬೆರಗಿನಿಂದ ಕೇಳಿದ ಆ ತಿಳಿಯಾದ ನುಡಿಸಾಣಿಕೆ ಟ್ರೋಪಿಕಾನಾದಲ್ಲಿ ತಯಾರಾದದ್ದಲ್ಲ, ಈ ಹೋಟೆಲುಗಳಲ್ಲಿ ತಯಾರಾದದ್ದು ಎಂದೇ ನನ್ನ ನಂಬಿಕೆ.

ಇತ್ತ ಹವಾನಾದಲ್ಲಿ ಚೂಚೊ ದೊಡ್ಡವರಾದರು. 1973ರಲ್ಲಿ ‘ಇರಾಕೆರೆ’ ಎಂಬ ತಂಡ ಕಟ್ಟಿದರು. ಯೊರುಬಾ ಭಾಷೆಯಲ್ಲಿ ಅದಕ್ಕೆ ಕಾಡು ಎಂದು ಅರ್ಥ. ಜಾಸ್, ರಾಕ್, ಕ್ಯೂಬಾದ ಕುಣಿತದ ಲಯ ಎಲ್ಲ ಸೇರಿದ ಆ ಗದ್ದಲದ ನಡುವೆ ಏನು ಕೇಳಿಸುತ್ತದೆ ಗೊತ್ತೇ? ಬಾತಾ ಡೋಲು. ಇಪ್ಪತ್ತು ವರ್ಷ ಹಿಂದೆ ಅಪ್ಪ ಕೂರಿಸಿ ನೆಲೆ ನಿಲ್ಲಿಸಲಾಗದೆ ಹೋದ ಅದೇ ಡೋಲನ್ನು ಮಗ ನೆಲೆ ನಿಲ್ಲಿಸಿದ. ನಡುವೆ ಸಮುದ್ರವಿತ್ತು, ಕ್ರಾಂತಿಯಿತ್ತು, ಮೌನವಿತ್ತು. ಲಯ ಮಾತ್ರ ದಾಟಿತ್ತು.

1978ರಲ್ಲಿ ಇರಾಕೆರೆ ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನುಡಿಸಿತು. ಅದನ್ನು ಕೇಳಲು ಬೆಬೊ ಹೋದರು. ಹದಿನೆಂಟು ವರ್ಷದ ಮೇಲೆ ಅಪ್ಪ-ಮಗ ಮುಖ ನೋಡಿದರು. ಬಿಟ್ಟುಹೋಗುವಾಗ ಹತ್ತೊಂಬತ್ತರ ಹುಡುಗನಾಗಿದ್ದವರಿಗೆ ಆಗ ಮೂವತ್ತಾರು.

ಬೆಬೊ ಮತ್ತೆ ಹೋಟೆಲಿನ ಪಿಯಾನೊಗೆ ಮರಳಿದರು. ಇನ್ನೂ ಹದಿನಾರು ವರ್ಷ ಹೊರಗಿನ ಲೋಕ ಅವರನ್ನು ಕೇಳಲಿಲ್ಲ. 1994ರಲ್ಲಿ ಒಂದು ಕರೆ ಬಂತು. ಮಾಡಿದವರು ಪಕೀತೊ ದ್’ರಿವೇರಾ, ಇರಾಕೆರೆಯಲ್ಲಿ ಚೂಚೊ ಜೊತೆ ಸ್ಯಾಕ್ಸೊಫೋನ್ ನುಡಿಸುತ್ತಿದ್ದು ಆಮೇಲೆ ತಾವೂ ಕ್ಯೂಬಾ ಬಿಟ್ಟವರು. ಜರ್ಮನಿಯಲ್ಲಿ ಧ್ವನಿಮುದ್ರಣವಿದೆ, ಬರುತ್ತೀರಾ ಎಂದು ಕೇಳಿದರು. ಬೆಬೊ ಆಗ 76ರವರು. ಮೂವತ್ತು ವರ್ಷದಿಂದ ದೊಡ್ಡ ಧ್ವನಿಮುದ್ರಿಕೆ ಮಾಡದಿದ್ದವರು ಕೂತು, ಒಂದರ ಮೇಲೊಂದು ಸ್ವರಪತ್ರ ಬರೆದುಕೊಂಡು, ಹೊರಟು ನಿಂತರು. ‘ಬೆಬೊ ರೈಡ್ಸ್ ಅಗೇನ್’ ಎಂದೇ ಅದಕ್ಕೆ ಹೆಸರು. ನಮ್ಮಲ್ಲಿ ಆ ವಯಸ್ಸಿನವರಿಗೆ ಶಾಲು ಹೊದಿಸಿ ಸನ್ಮಾನ ಮಾಡಿ ಕಳಿಸುತ್ತೇವೆ. ಬೆಬೊ ಅವರಿಗೆ ಅಲ್ಲಿಂದ ಕೆಲಸ ಶುರುವಾಯಿತು.

ಸ್ಪೇನಿನ ಚಿತ್ರನಿರ್ದೇಶಕ ಫೆರ್ನಾಂದೊ ತ್ರುಯೆಬಾ 2000ದಲ್ಲಿ ಲ್ಯಾಟಿನ್ ಜಾಸ್ ಕುರಿತು ‘ಕಾಯೆ 54’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಅದರಲ್ಲಿ ಬೆಬೊ, ಮುದುಕರಾಗಿದ್ದ ಮತ್ತೊಬ್ಬ ಮಹಾನ್ ಕ್ಯೂಬನ್, ಬಾಸ್ ವಾದಕ ಕಚಾವೊ ಜೊತೆ ‘ಲಾಗ್ರಿಮಾಸ್ ನೆಗ್ರಾಸ್’ ನುಡಿಸುತ್ತಾರೆ. ಮಿಗೆಲ್ ಮಾತಾಮೊರೊಸ್ ಕಟ್ಟಿದ ಹಳೆಯ ಹಾಡು, ಕಪ್ಪು ಕಣ್ಣೀರು ಎಂದು ಹೆಸರಿನ ಅರ್ಥ. ಈ ಹಾಡೇ ಮುಂದೆ ಅವರನ್ನು ಲೋಕದ ಮನೆಮನೆಗೂ ಮುಟ್ಟಿಸಿತು. ತ್ರುಯೆಬಾ ಅವರೇ ಬೆಬೊ ಮತ್ತು ದಿಯೆಗೊ ಎಲ್ ಸಿಗಾಲಾ ಎಂಬ ಫ್ಲಮೆಂಕೊ ಗಾಯಕನನ್ನು ಒಂದೇ ಕೋಣೆಯಲ್ಲಿ ಕೂರಿಸಿದರು. 2003ರಲ್ಲಿ ಆ ಹಾಡಿನದೇ ಹೆಸರಿನ ಧ್ವನಿಮುದ್ರಿಕೆ ಬಂತು. ಇಬ್ಬರ ನಡುವೆ ಐವತ್ತು ವರ್ಷದ ಅಂತರ. ಸಿಗಾಲಾ ಸ್ಪೇನಿನ ಜಿಪ್ಸಿ, ಗಂಟಲು ಹರಿದುಕೊಂಡು ಹಾಡುವ ಪರಂಪರೆಯವರು. ಬೆಬೊ ಎಂಬತ್ತು ದಾಟಿದವರು, ಅವಸರವೇ ಇಲ್ಲದವರು.

ಅದನ್ನು ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಗಾಯಕ ನೋವಿನಿಂದ ದನಿ ಎತ್ತುತ್ತಾನೆ. ಬೇರೆ ಯಾರಾದರೂ ಆಗಿದ್ದರೆ ಪಿಯಾನೊವೂ ಅವನೊಂದಿಗೆ ಅಳುತ್ತಿತ್ತು. ಬೆಬೊ ಅಳುವುದಿಲ್ಲ. ಎಡಗೈಯಲ್ಲಿ ಎರಡೇ ಸ್ವರ ಇಟ್ಟು ಕಾಯುತ್ತಾರೆ. ಗಾಯಕನ ಉಸಿರು ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ ಬಲಗೈಯಿಂದ ಒಂದು ಸಣ್ಣ ಉತ್ತರ. ಸಂತೈಸುವ ಹಿರಿಯರು ಹೆಚ್ಚು ಮಾತಾಡದೆ ಬೆನ್ನ ಮೇಲೆ ಕೈಯಿಡುವ ಹಾಗೆ. ಅದೇ ಹೋಟೆಲಿನ ಕೈ. ಈ ಸಲ ಮಾತ್ರ ಎಲ್ಲರೂ ಊಟ ನಿಲ್ಲಿಸಿ ಕೇಳಿದರು. ಸ್ಪ್ಯಾನಿಷ್ ಆಡುವ ಎಲ್ಲ ನಾಡುಗಳಲ್ಲೂ ಆ ಧ್ವನಿಮುದ್ರಿಕೆ ಅಪಾರವಾಗಿ ಮಾರಾಟವಾಯಿತು. ಗ್ರ್ಯಾಮಿ, ಲ್ಯಾಟಿನ್ ಗ್ರ್ಯಾಮಿ ಪ್ರಶಸ್ತಿಗಳು ಒಂದರ ಹಿಂದೊಂದು ಬಂದವು. ಹೆಸರುಗಳನ್ನು ಪಟ್ಟಿ ಮಾಡಿ ನಿಮ್ಮ ಹೊತ್ತು ಕಳೆಯುವುದಿಲ್ಲ. 2008ರಲ್ಲಿ ಅಪ್ಪ-ಮಗ ಇಬ್ಬರೇ ಎರಡು ಪಿಯಾನೊ ನುಡಿಸಿದ ‘ಹುಂತೋಸ್ ಪಾರಾ ಸಿಯೆಂಪ್ರೆ’ ಬಂತು. ಎಂದೆಂದೂ ಜೊತೆಯಲ್ಲಿ ಎಂಬ ಆ ಹೆಸರನ್ನು ಇಡುವ ಹಕ್ಕು ಅಷ್ಟು ವರ್ಷ ಬೇರೆಯಾಗಿದ್ದವರಿಗಲ್ಲದೆ ಇನ್ನಾರಿಗೆ ಇರುತ್ತದೆ? 2010ರ ‘ಚೀಕೊ ಅಂಡ್ ರೀತಾ’ ಎಂಬ ಅನಿಮೇಷನ್ ಚಿತ್ರದ ಸಂಗೀತವೂ ಬೆಬೊ ಅವರದೇ. ಹವಾನಾ ಬಿಟ್ಟ ಒಬ್ಬ ಪಿಯಾನೊ ವಾದಕನ ಕಥೆ ಅದರಲ್ಲಿದೆ.

ಕೊನೆಯ ವರ್ಷಗಳಲ್ಲಿ ಬೆಬೊ ಸ್ಪೇನಿನ ದಕ್ಷಿಣ ಕಡಲತೀರದ ಬೆನಾಲ್ಮಾದೆನಾದಲ್ಲಿದ್ದರು. ಆಲ್ಝೈಮರ್ ಕಾಯಿಲೆ ನೆನಪನ್ನು ಒಂದೊಂದಾಗಿ ಒಯ್ಯುತ್ತಿತ್ತು. ಅಪ್ಪನ ಹತ್ತಿರವಿರಲೆಂದು ಚೂಚೊ ಅಲ್ಲಿಗೆ ಬಂದು ನೆಲೆಸಿದರು. ಅಪ್ಪ ಬಿಟ್ಟುಹೋದ ಮಗ ಅಪ್ಪನನ್ನು ಬಿಡಲಿಲ್ಲ. 2013ರ ಮಾರ್ಚ್ 22ರಂದು, 94ನೆಯ ವಯಸ್ಸಿನಲ್ಲಿ, ಬೆಬೊ ತಮ್ಮ ಹಳೆಯ ಊರು ಸ್ಟಾಕ್‌ಹೋಮ್‌ಗೆ ಮರಳಿ ಅಲ್ಲೇ ತೀರಿಕೊಂಡರು.

ಈ ಮಾತು ಮುಗಿಸುವ ಮೊದಲು ನಿಮ್ಮಲ್ಲಿ ಒಂದು ಕೋರಿಕೆ. ‘ಕಾಯೆ 54’ ಚಿತ್ರದಲ್ಲಿ ಬೆಬೊ ಮತ್ತು ಚೂಚೊ ಎರಡು ಪಿಯಾನೊಗಳಲ್ಲಿ ‘ಲಾ ಕೊಂಪಾರ್ಸಾ’ ನುಡಿಸುತ್ತಾರೆ. ಎರ್ನೆಸ್ತೊ ಲೆಕುವೊನಾ ಹದಿಹರೆಯದಲ್ಲೇ ಬರೆದ ಕೃತಿ. ದೂರದಲ್ಲೆಲ್ಲೋ ಉತ್ಸವದ ಮೆರವಣಿಗೆ ಹೊರಟಿದೆ. ಮೊದಲು ಡೋಲಿನ ಸದ್ದು ಸಣ್ಣಗೆ, ಬರಬರುತ್ತ ಹತ್ತಿರ, ನಮ್ಮ ಮನೆಯ ಮುಂದೆ ತುಂಬು ಸದ್ದು, ಆಮೇಲೆ ತಿರುವಿನಲ್ಲಿ ಮರೆಯಾಗಿ ಮತ್ತೆ ಸಣ್ಣಗೆ. ಊರ ಜಾತ್ರೆಯನ್ನು ಜಗುಲಿಯಲ್ಲಿ ಕೂತು ಕೇಳಿದವರಿಗೆ ಇದು ಹೊಸದಲ್ಲ. ಮೊಬೈಲಿನಲ್ಲಿ ಹುಡುಕಿದರೆ ಸಿಗುತ್ತದೆ, ಕೆಲವೇ ನಿಮಿಷದ್ದು. ಮೊದಲ ಸಲ ನೋಡುತ್ತ ಕೇಳಿ. ಎರಡನೆಯ ಸಲ ಕಣ್ಣು ಮುಚ್ಚಿ, ಯಾವುದು ಅಪ್ಪನ ಕೈ, ಯಾವುದು ಮಗನ ಕೈ ಎಂದು ಗುರುತಿಸಲು ನೋಡಿ. ನನಗಂತೂ ಇನ್ನೂ ಆಗಿಲ್ಲ.